ಅಂತಿಮ ತೀರ್ಪು, ಪಾಪಕ್ಷಮೆ, ರಕ್ಷಣೆ: ಕ್ರೈಸ್ತರ ನಂಬಿಕೆ ಏನು ಹೇಳುತ್ತದೆ?

ನವೆಂಬರ್ 2 ಬಂತೆಂದರೆ ಮುಂಬೈ, ಗೋವಾ, ಮಂಗಳೂರಿನ ಕ್ಯಾಥೊಲಿಕ್ ಸ್ಮಶಾನಗಳಲ್ಲಿ ಸಮಾಧಿಗಳ ಮೇಲೆ ಹೂವು, ಮೇಣದ ಬತ್ತಿಗಳು ಕಾಣುತ್ತವೆ. ಅದು ಅಗಲಿದವರೆಲ್ಲರ ಸ್ಮರಣೆಯ ದಿನ. ಮನೆಯವರು ತಮ್ಮ ಹಿರಿಯರ ಆತ್ಮಕ್ಕಾಗಿ ಪ್ರಾರ್ಥಿಸುತ್ತಾರೆ. ಆದರೆ ಅದೇ ಊರುಗಳ ಹೆಚ್ಚಿನ ಪ್ರೊಟೆಸ್ಟೆಂಟ್ ಚರ್ಚ್‌ಗಳಲ್ಲಿ ಸತ್ತವರಿಗಾಗಿ ಹೀಗೆ ಬೇಡಿಕೊಳ್ಳುವ ಪದ್ಧತಿ ಇಲ್ಲ. ಈ ವ್ಯತ್ಯಾಸದ ಹಿಂದೆ ಹಳೆಯ ಪ್ರಶ್ನೆಯೊಂದಿದೆ: ದೇವರ ತೀರ್ಪಿನ ಮುಂದೆ ಮನುಷ್ಯನನ್ನು ಉಳಿಸುವುದು ಯಾವುದು?

ಬಹುತೇಕ ಎಲ್ಲ ಪಂಗಡಗಳೂ ಒಪ್ಪುವ ಭಾಗ ಇಷ್ಟು. ಮನುಷ್ಯನಿಗೆ ಒಂದೇ ಜನ್ಮ, ಅದರ ನಂತರ ತೀರ್ಪು. ಯೇಸು ಕ್ರಿಸ್ತ ಮತ್ತೆ ಬಂದು ಬದುಕಿರುವವರಿಗೂ ಸತ್ತವರಿಗೂ ನ್ಯಾಯ ತೀರಿಸುತ್ತಾನೆ. ಪಾಪದ ಹೊರೆಯನ್ನು ಮನುಷ್ಯ ಸ್ವಂತ ಬಲದಿಂದ ಇಳಿಸಿಕೊಳ್ಳಲಾರ, ಶಿಲುಬೆಯ ಮೇಲಿನ ಯೇಸುವಿನ ಮರಣದಿಂದಲೇ ಕ್ಷಮೆಯ ದಾರಿ ತೆರೆಯಿತು. ಕರ್ಮಫಲ, ಪುನರ್ಜನ್ಮದ ಲೆಕ್ಕ ಕೇಳಿ ಬೆಳೆದವರಿಗೆ ಇಲ್ಲಿ ವಿಶೇಷವಾಗಿ ಕಾಣುವುದು, ಮಾಡಿದ್ದನ್ನು ಪೂರ್ತಿ ಅನುಭವಿಸದೆಯೂ ಪಾಪಿ ಬಿಡುಗಡೆ ಪಡೆಯಬಹುದು ಎಂಬ ಮಾತು. ಕ್ರೈಸ್ತರು ಇದನ್ನೇ ಕೃಪೆ ಎನ್ನುತ್ತಾರೆ.

ತೊಡಕು ಇರುವುದು ಬೈಬಲ್‌ನಲ್ಲೇ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ರಾಜನು ಕುರಿ, ಆಡುಗಳನ್ನು ಬೇರ್ಪಡಿಸುವಂತೆ ಜನರನ್ನು ಬೇರ್ಪಡಿಸುತ್ತಾನೆ. ಅಲ್ಲಿ ಅವನು ನೋಡುವುದು ಹಸಿದವರಿಗೆ ಊಟ ಕೊಟ್ಟಿರಾ, ರೋಗಿಗಳನ್ನೂ ಸೆರೆಯಲ್ಲಿದ್ದವರನ್ನೂ ವಿಚಾರಿಸಿದಿರಾ ಎಂಬುದನ್ನು. ಇತ್ತ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ, ಧರ್ಮಶಾಸ್ತ್ರದ ಆಚರಣೆಯಿಂದಲ್ಲ, ನಂಬಿಕೆಯಿಂದಲೇ ಮನುಷ್ಯ ನೀತಿವಂತನಾಗುತ್ತಾನೆ ಎಂದು ವಾದಿಸುತ್ತಾನೆ. ಯಾಕೋಬನ ಪತ್ರವೋ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುತ್ತದೆ.

ಜರ್ಮನಿಯ ಸನ್ಯಾಸಿ, ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಟಿನ್ ಲೂಥರ್‌ನನ್ನು ಈ ಪ್ರಶ್ನೆ ನಿದ್ದೆಗೆಡಿಸಿತ್ತು. ಎಷ್ಟು ಉಪವಾಸ ಮಾಡಿದರೂ, ಎಷ್ಟು ಸಲ ಪಾಪನಿವೇದನೆ ಮಾಡಿದರೂ ದೇವರು ಒಪ್ಪಿದನೆಂಬ ಧೈರ್ಯ ಬರಲಿಲ್ಲ. ಪೌಲನ ಪತ್ರ ಓದುತ್ತ, ದೇವರ ನೀತಿ ಎಂದರೆ ಶಿಕ್ಷೆಯ ಕೋಲಲ್ಲ, ನಂಬುವವನಿಗೆ ಸಿಗುವ ಕೊಡುಗೆ ಎಂಬ ನಿಲುವಿಗೆ ಆತ ಬಂದ.

1517ರ ಅಕ್ಟೋಬರ್ 31ರಂದು ಲೂಥರ್ ತನ್ನ 95 ವಾದಗಳನ್ನು ಮೈನ್ಜ್‌ನ ಆರ್ಚ್‌ಬಿಷಪ್‌ಗೆ ಕಳಿಸಿದ. (ಚರ್ಚ್ ಬಾಗಿಲಿಗೆ ಮೊಳೆ ಹೊಡೆದ ಕತೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.) ಗುರಿ, ಹಣಕ್ಕೆ ಮಾರಾಟವಾಗುತ್ತಿದ್ದ ಪಾಪಕ್ಷಮಾ ಪತ್ರಗಳು. ಆ ಹಣದಲ್ಲಿ ಒಂದು ಪಾಲು ರೋಮ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾ ಕಟ್ಟಡಕ್ಕೆ, ಇನ್ನೊಂದು ಪಾಲು ಆರ್ಚ್‌ಬಿಷಪ್‌ನ ಸಾಲ ತೀರಿಸಲು ಹೋಗುತ್ತಿತ್ತು.

'ಪಾಪಕ್ಷಮಾ ಪತ್ರ' ಎಂಬ ಕನ್ನಡ ಹೆಸರು ಅರ್ಧ ಮಾತ್ರ ಸರಿ. ಕ್ಯಾಥೊಲಿಕ್ ಬೋಧನೆಯಂತೆ ಪಾಪಕ್ಕೆ ಕ್ಷಮೆ ಸಿಗುವುದು ಪಶ್ಚಾತ್ತಾಪ ಮತ್ತು ಪಾಪನಿವೇದನೆಯಿಂದ. ಕ್ಷಮೆಯ ನಂತರವೂ ಉಳಿಯುವ ಶಿಕ್ಷೆಯನ್ನು ಇಲ್ಲಿ ಅಥವಾ ಮರಣದ ಬಳಿಕ ಶುದ್ಧೀಕರಣದ ಸ್ಥಿತಿಯಲ್ಲಿ ತೀರಿಸಬೇಕು. ಆ ಪತ್ರ ಕಡಿಮೆ ಮಾಡುತ್ತಿದ್ದುದು ಈ ಬಾಕಿ ಶಿಕ್ಷೆಯನ್ನು. ನವೆಂಬರ್ 2ರ ಪ್ರಾರ್ಥನೆಯೂ ಆ ಸ್ಥಿತಿಯಲ್ಲಿರುವ ಆತ್ಮಗಳಿಗಾಗಿಯೇ. ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗವಿರುವ ಮಕ್ಕಬಿಯರ ಎರಡನೇ ಗ್ರಂಥ ಕ್ಯಾಥೊಲಿಕರ 73 ಗ್ರಂಥಗಳ ಬೈಬಲ್‌ನಲ್ಲಿದೆ, ಪ್ರೊಟೆಸ್ಟೆಂಟರ 66 ಗ್ರಂಥಗಳ ಬೈಬಲ್‌ನಲ್ಲಿ ಇಲ್ಲ.

1521ರಲ್ಲಿ ಪೋಪ್ ಲೂಥರ್‌ನನ್ನು ಚರ್ಚ್‌ನಿಂದ ಹೊರಹಾಕಿದರು. 1547ರಲ್ಲಿ ಟ್ರೆಂಟ್ ಮಹಾಸಭೆ ಉತ್ತರ ಕೊಟ್ಟಿತು: ಆರಂಭ ದೇವರ ಕೃಪೆಯಿಂದಲೇ, ಆದರೆ ಮನುಷ್ಯನ ಇಚ್ಛೆಯೂ ಅದಕ್ಕೆ ಓಗೊಡಬೇಕು, ಪ್ರೀತಿಯಿಲ್ಲದ ಬರೀ ನಂಬಿಕೆ ಸಾಲದು. ಲೂಥರ್ ಕೂಡ ಒಳ್ಳೆಯ ಕೆಲಸ ಬೇಡ ಎಂದವನಲ್ಲ. ಒಳ್ಳೆಯ ಮರದಲ್ಲಿ ಒಳ್ಳೆಯ ಹಣ್ಣು ಬಿಟ್ಟೇ ಬಿಡುತ್ತದೆ, ಹಣ್ಣಿನಿಂದ ಮರ ಒಳ್ಳೆಯದಾಗುವುದಿಲ್ಲ ಎಂಬುದು ಅವನ ತರ್ಕ. ಪತ್ರಗಳ ಮಾರಾಟವನ್ನು ಮುಂದೆ ಕ್ಯಾಥೊಲಿಕ್ ಚರ್ಚೇ ನಿಷೇಧಿಸಿತು.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಜಗಳದಲ್ಲಿ ಅಷ್ಟಾಗಿ ಸಿಲುಕಲಿಲ್ಲ. ಅವರಿಗೆ ಪಾಪ ಅಪರಾಧಕ್ಕಿಂತ ಹೆಚ್ಚಾಗಿ ಕಾಯಿಲೆ, ರಕ್ಷಣೆ ಎಂದರೆ ಗುಣವಾಗುವುದು.

ಕನ್ನಡ ನಾಡಿಗೆ ಸುಧಾರಣಾ ಪಂಥದ ಬೋಧನೆ ತಂದವರಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಪ್ರಮುಖರು. ಕಿಟೆಲ್ ನಿಘಂಟು ಬಂದದ್ದೂ ಅವರಿಂದಲೇ. ಮಂಗಳೂರಿನ ಕ್ಯಾಥೊಲಿಕ್ ಸಮುದಾಯ ಅವರಿಗಿಂತ ಬಹಳ ಹಳೆಯದು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಚರ್ಚ್ ಮತ್ತು ಲೂಥರನ್ ವಿಶ್ವ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ಸ್ವೀಕರಿಸುತ್ತಾನೆ, ಆ ಕೃಪೆ ಒಳ್ಳೆಯ ಕೆಲಸಕ್ಕೆ ಹೊರಡಿಸುತ್ತದೆ ಎಂಬುದನ್ನು ಎರಡೂ ಕಡೆಯವರು ಒಪ್ಪಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಸೇರಿದವು. ಶುದ್ಧೀಕರಣದ ಸ್ಥಿತಿ, ಪೋಪ್ ಅಧಿಕಾರದ ವಿಚಾರಗಳು ಮಾತ್ರ ಹಾಗೇ ಉಳಿದಿವೆ.

ಹಾಗಾದರೆ ಕ್ರೈಸ್ತರಲ್ಲದವರ ಗತಿ? ಕ್ರಿಸ್ತನನ್ನು ತಿಳಿದು ನಂಬದೆ ರಕ್ಷಣೆಯಿಲ್ಲ ಎನ್ನುವ ಪ್ರೊಟೆಸ್ಟೆಂಟ್ ಪಂಗಡಗಳು ಹಲವು. ಕ್ಯಾಥೊಲಿಕ್ ಚರ್ಚ್‌ನ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದ್ದು ಬೇರೆ: ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು, ದೇವರನ್ನು ಪ್ರಾಮಾಣಿಕವಾಗಿ ಹುಡುಕುತ್ತ ಕೃಪೆಯ ಪ್ರೇರಣೆಯಿಂದ ಮನಸ್ಸಾಕ್ಷಿಯಂತೆ ನಡೆದರೆ, ಅವರಿಗೂ ರಕ್ಷಣೆ ಸಾಧ್ಯ.