ಎತ್ತಿನ ಗಾಡಿ ಏರಿದ ಉಪಗ್ರಹ

ಸಂಸೆ, ಕಳಸದಂತಹ ಗುಡ್ಡಗಾಡಿನ ಮನೆಗಳಿಗೂ ಡಿಶ್ ಆಂಟೆನಾ ಬಂದಿದೆ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯೊಂದಿಗೆ ಸಮನಾಗಿ ಸುತ್ತುವ ಸಂಪರ್ಕ ಉಪಗ್ರಹಗಳಿಂದ ಇದು ಸಾಧ್ಯವಾಯಿತು. ಭಾರತ ಪ್ರಾಯೋಗಿಕವಾಗಿ ನಿರ್ಮಿಸಿದ ಇಂತಹ ಮೊದಲ ಉಪಗ್ರಹ 'ಆ್ಯಪಲ್'. ಬೆಂಗಳೂರಿನ ಕೈಗಾರಿಕಾ ಶೆಡ್‌ಗಳಲ್ಲಿ, ಇದ್ದಷ್ಟೇ ಸೌಲಭ್ಯದಲ್ಲಿ ಇಸ್ರೋ ವಿಜ್ಞಾನಿಗಳು ಅದನ್ನು ಕಟ್ಟಿದರು.

ಆದರೆ ಹಾರಿಸುವುದು ಹೇಗೆ? ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇತೃತ್ವದಲ್ಲಿ ಸಿದ್ಧವಾದ ಎಸ್‌ಎಲ್‌ವಿ-3 ರಾಕೆಟ್ 1980ರ ಜುಲೈ 18ರಂದು ರೋಹಿಣಿಯನ್ನು ಕಕ್ಷೆಗೆ ಸೇರಿಸಿತ್ತು. ಅದು ಹೊರಬಲ್ಲ ಭಾರ ಸುಮಾರು 40 ಕಿಲೋ ಮಾತ್ರ. ಆ್ಯಪಲ್‌ನ ತೂಕವೋ 670 ಕಿಲೋ!

ಅದೇ ಕಾಲದಲ್ಲಿ ಯುರೋಪಿನವರು ಏರಿಯಾನ್ ಎಂಬ ಹೊಸ ರಾಕೆಟ್ಟನ್ನು ಪರೀಕ್ಷಿಸುತ್ತಿದ್ದರು. ಪರೀಕ್ಷಾ ಹಾರಾಟದಲ್ಲಿ ಉಪಗ್ರಹ ಒಯ್ಯಲು ಉಚಿತ ಅವಕಾಶ ನೀಡಿದರು. ಅಪಾಯವೂ ಇತ್ತು: 1980ರ ಮೇ ತಿಂಗಳಲ್ಲಿ ಏರಿಯಾನ್‌ನ ಎರಡನೇ ಹಾರಾಟ ವಿಫಲವಾಗಿತ್ತು. ಆದರೂ ಇಸ್ರೋ ಹಿಂಜರಿಯಲಿಲ್ಲ.

ಆ್ಯಪಲ್‌ನ ಆಂಟೆನಾ ಪರೀಕ್ಷೆಗೆ ಬಯಲು ಬೇಕಿತ್ತು. ಲೋಹದ ವಾಹನ ರೇಡಿಯೋ ಅಲೆಗಳಿಗೆ ಅಡ್ಡಿಯಾಗುತ್ತದೆ. ಹಾಗಾಗಿ ಉಪಗ್ರಹವನ್ನು ಮರದ ಎತ್ತಿನ ಗಾಡಿಯ ಮೇಲಿಟ್ಟರು. ಆ ಚಿತ್ರವನ್ನು ಬಡತನದ ಗುರುತೆಂದು ನೋಡಿದವರೂ ಇದ್ದಾರೆ. ವಾಸ್ತವದಲ್ಲಿ ಅದು ವಿಜ್ಞಾನಿಗಳ ಸಮಯಪ್ರಜ್ಞೆ.

1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್ ಹಾರಿತು. ಮೇಲೆ ಯುರೋಪಿನ ಹವಾಮಾನ ಉಪಗ್ರಹ ಮೀಟಿಯೋಸ್ಯಾಟ್, ಕೆಳಗೆ ಪರೀಕ್ಷಾ ಉಪಕರಣಗಳ ಪೆಟ್ಟಿಗೆ, ನಡುವೆ ಆ್ಯಪಲ್. ಮುಂದೆ ಅದನ್ನು ಅಂತಿಮ ಕಕ್ಷೆಗೆ ತಳ್ಳಿದ್ದು ಎಸ್‌ಎಲ್‌ವಿ-3ರ ನಾಲ್ಕನೇ ಹಂತದಿಂದ ರೂಪಿಸಿದ ನಮ್ಮದೇ ಮೋಟಾರು. ಸಣ್ಣ ರಾಕೆಟ್ಟಿನ ಶ್ರಮವೂ ವ್ಯರ್ಥವಾಗಲಿಲ್ಲ.

ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲಿಲ್ಲ. ಹಾಗಿದ್ದೂ ಆ್ಯಪಲ್ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು, ದೂರದರ್ಶನ ಪ್ರಸಾರ ಹಾಗೂ ದೂರಸಂಪರ್ಕದ ಪ್ರಯೋಗಗಳಿಗೆ ನೆರವಾಯಿತು. ಆ ಅನುಭವ ಮುಂದಿನ ಇನ್ಸಾಟ್ ಉಪಗ್ರಹಗಳಿಗೆ ಬುನಾದಿಯಾಯಿತು. 2025ರ ನವೆಂಬರ್ 2ರಂದು ಭಾರತದ್ದೇ ಎಲ್‌ವಿಎಂ-3 ರಾಕೆಟ್ ಸುಮಾರು 4,400 ಕಿಲೋ ತೂಕದ ಸಂಪರ್ಕ ಉಪಗ್ರಹವನ್ನು ನಮ್ಮ ನೆಲದಿಂದಲೇ ಹಾರಿಸಿತು.

ವಿದ್ಯಾರ್ಥಿ ಮಿತ್ರರೇ, ಏರಿಯಾನ್‌ನಲ್ಲಿ ಜಾಗ ಉಚಿತವಾಗಿ ಸಿಕ್ಕಿತು. ಆದರೆ ಉಪಗ್ರಹ ಸಿದ್ಧಪಡಿಸಬಲ್ಲವರಿಗೆ ಮಾತ್ರ. ವಿದ್ಯಾರ್ಥಿವೇತನ, ಉನ್ನತ ಶಿಕ್ಷಣದ ಅವಕಾಶಗಳೂ ಹಾಗೆಯೇ. ನಮ್ಮಲ್ಲಿ ಸೌಲಭ್ಯ ಕಡಿಮೆಯಿರಬಹುದು, ಸಿದ್ಧತೆ ಕಡಿಮೆಯಾಗದಿರಲಿ.