ಒಂದೆಲಗ, ವಲ್ಲಾರೈ, ಸರಸ್ವತಿ ಆಕು: ಗಡಿಸೀಮೆಯಲ್ಲಿ ಹುಣ್ಣಿನ ಮದ್ದಿನ ಚರಿತ್ರೆ

ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಒಂದೇ ಸೊಪ್ಪಿಗೆ ಮೂರು ಹೆಸರಿರುವುದು ವಿಶೇಷವೇನಲ್ಲ. ತೇವದ ನೆಲದಲ್ಲಿ ಹಬ್ಬುವ, ಕನ್ನಡದವರ ಒಂದೆಲಗವು ತಮಿಳರಿಗೆ ವಲ್ಲಾರೈ, ತೆಲುಗರಿಗೆ ಸರಸ್ವತಿ ಆಕು. ಬಹುಕಾಲ ಮಲಗಿದ ರೋಗಿಯ ಸೊಂಟ, ಹಿಮ್ಮಡಿಗಳಲ್ಲಿ ಏಳುವ ಹಾಸಿಗೆ ಹುಣ್ಣೂ ಸೇರಿದಂತೆ ಮಾಯಲು ತಡವಾಗುವ ಗಾಯಗಳ ಲೇಪನಗಳಲ್ಲಿ ಈ ಸೊಪ್ಪಿನ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಚರಿತ್ರೆಯಲ್ಲಿ ಕನ್ನಡ ಹೆಸರಿನ ಪಾಡು ಮಾತ್ರ ಬೇರೆ.

ಬಾರಾಮಹಲ್ 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ, ಹೊಸೂರು 1799ರಲ್ಲಿ ಟಿಪ್ಪುವಿನ ಪತನದಿಂದ ಕಂಪನಿಯ ವಶವಾಗಿ ಸೇಲಂ ಜಿಲ್ಲೆಗೆ ಸೇರಿದವು. ಆಡಳಿತ ಮದರಾಸಿನತ್ತ ತಿರುಗಿದ ಮೇಲೆ ಔಷಧಜ್ಞಾನದ ದಾಖಲಾತಿಯೂ ಅತ್ತಲೇ ತಿರುಗಿತು. ವೈಟ್‌ಲಾ ಏನ್ಸ್ಲಿ 1813ರಲ್ಲಿ ಮದರಾಸಿನಲ್ಲಿ ಪ್ರಕಟಿಸಿ 1826ರಲ್ಲಿ ವಿಸ್ತರಿಸಿದ ಔಷಧಕೋಶದಲ್ಲಿ ಎದ್ದು ಕಾಣುವುದು ತಮಿಳು, ದಖನಿ, ತೆಲುಗು ಹೆಸರುಗಳು. ಮದರಾಸಿನ ಗ್ರಂಥಕಾರನಿಗೆ ಅದು ಸಹಜವೇ. ಆದರೆ ಗಡಿಯ ಕನ್ನಡ ಮನೆಮದ್ದು ಹೀಗೆ ಎರಡೂ ಕಡೆಯ ಪುಸ್ತಕಗಳ ಅಂಚಿಗೆ ಸರಿಯಿತು. 1868ರಲ್ಲಿ ಎಡ್ವರ್ಡ್ ವೇರಿಂಗ್ ಸಂಪಾದಿಸಿದ ಭಾರತದ ಫಾರ್ಮಕೋಪಿಯಾ ಒಂದೆಲಗವನ್ನು ಅಧಿಕೃತ ಔಷಧಗಳ ಸಾಲಿಗೆ ಸೇರಿಸಿತು. 1941ರಲ್ಲಿ ಇದರಿಂದ ಏಷಿಯಾಟಿಕೋಸೈಡ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ಗಾಯ ಕೂಡಿಸುವ ಕೊಲಾಜನ್ ನಾರುಗಳ ಬೆಳವಣಿಗೆಗೆ ಅದು ಒತ್ತಾಸೆಯಾಗುತ್ತದೆಂದು ಪ್ರಯೋಗಗಳು ತೋರಿಸಿದ ಬಳಿಕ ಅದು ಯುರೋಪಿನ ಮುಲಾಮುಗಳಿಗೂ ಸೇರಿತು.

ಇಲ್ಲಿ ಹೆಸರಿನ ಪ್ರಶ್ನೆ ಬರಿಯ ಭಾಷಾಭಿಮಾನದ್ದಲ್ಲ. ಅಂಗಡಿಯಲ್ಲಿ 'ಬ್ರಾಹ್ಮಿ' ಎಂದು ಕೇಳಿದರೆ ಒಂದೆಲಗವೂ ಸಿಗಬಹುದು, ನೀರುಬ್ರಾಹ್ಮಿಯೂ ಸಿಗಬಹುದು. ಎರಡೂ ಬೇರೆ ಬೇರೆ ಕುಲದ ಗಿಡಗಳು. ಏಷಿಯಾಟಿಕೋಸೈಡ್ ಇರುವುದು ಮೊದಲನೆಯದರಲ್ಲಿ. ಸಂಸ್ಕೃತದ ಗೌರವವಿರುವ ಹೆಸರು ಉಂಟುಮಾಡುವ ಗೊಂದಲವನ್ನು ಎಲೆಯ ಆಕಾರ ನೋಡಿಟ್ಟ ಹಳ್ಳಿಯ ಹೆಸರು ತಪ್ಪಿಸುತ್ತದೆ. ತಳಿ, ದೇಂಕಣಿಕೋಟೆಗಳ ಕನ್ನಡ ಮನೆಗಳಲ್ಲಿ ಆ ಪದ ಮರೆತರೆ ಗಿಡವನ್ನು ಗುರುತಿಸುವ ವಿಧಾನವೊಂದು ಮರೆತಂತೆಯೇ.

ಆದರೂ ಸೊಪ್ಪಿನ ಮೇಲೆ ಎಲ್ಲ ಭಾರ ಹೊರಿಸುವುದು ಸಲ್ಲದು. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳುವ ಸುಶ್ರುತಸಂಹಿತೆಯಲ್ಲಿ ಲೇಪವು ಅವುಗಳಲ್ಲೊಂದು ಮಾತ್ರ. ಕೃಷ್ಣಗಿರಿಗೆ ದೂರವಲ್ಲದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಅಂಗಾಲಿನ ಹುಣ್ಣನ್ನು ದೀರ್ಘಕಾಲ ಪರಿಶೀಲಿಸಿದರು. ಮಾಂಸ ಕೊಳೆಯುವುದು ರೋಗದ ನೇರ ಫಲವಲ್ಲ, ನೋವಿನ ಅರಿವಿಲ್ಲದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದ ಫಲ ಎಂದು ಅವರು ತೋರಿಸಿದರು. ಹಾಸಿಗೆ ಹುಣ್ಣಿನ ಮೂಲವೂ ಒತ್ತಡವೇ: ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಮಗ್ಗುಲು ಬದಲಿಸದಿದ್ದರೆ ಯಾವ ಮುಲಾಮೂ ನಿಲ್ಲದು. ಆಳವಾಗಿ ತೆರೆದ ಹುಣ್ಣಿಗೆ ಹಸಿ ಸೊಪ್ಪು ಅರೆದು ಮೆತ್ತಿದರೆ ಮಣ್ಣಿನ ಕ್ರಿಮಿಗಳನ್ನೂ ಮೆತ್ತಿದಂತಾದೀತು. ಕೃಷ್ಣಗಿರಿ 2004ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ಆಸ್ಪತ್ರೆಯಿಂದ ಮನೆಗೆ ಮರಳುವ ರೋಗಿಯ ಮಗ್ಗುಲನ್ನು ರಾತ್ರಿಯಿಡೀ ಬದಲಿಸಬೇಕಾದವಳು ಕನ್ನಡವನ್ನೋ ತೆಲುಗನ್ನೋ ಆಡುವ ಸೊಸೆಯಾಗಿರಬಹುದು. ಆಕೆಯ ಕೈಗೆ ಬರುವ ಸೂಚನೆಯ ಚೀಟಿ ತಮಿಳಿನಲ್ಲಿರುತ್ತದೆ.