ಒಂದು ತುಂಡು ಸಜ್ಜೆ ರೊಟ್ಟಿ

ಪುಣೆಯಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳುವುದು "ಗಾವ್ ಕುಠಲಾ?" ಅಂತ. ಊರು ಯಾವುದು ಎಂದು. ಕಾರ್ಕಳ ಅಂದರೆ ಯಾರಿಗೂ ತಿಳಿಯುವುದಿಲ್ಲ. "ಮಂಗಳೂರು ಕಡೆ" ಅಂದರೆ "ಹಾಂ, ಹೋಟೆಲಿನವರು" ಎಂದು ತಲೆಯಾಡಿಸುತ್ತಾರೆ. ಕ್ರೈಸ್ತರು ಅಂದರೆ ಇನ್ನೂ ಒಂದು ಗೊಂದಲ. "ಹಾಗಾದರೆ ಗೋವಾದವರಾ?" ಅಲ್ಲ, ನಮ್ಮದು ಬಾಸೆಲ್ ಮಿಶನ್ ಸಭೆ, ಪ್ರಾರ್ಥನೆಯೂ ಹಾಡೂ ಕನ್ನಡದಲ್ಲೇ ಎಂದು ವಿವರಿಸುವಷ್ಟರಲ್ಲಿ ಕೇಳಿದವರ ಬಸ್ಸು ಬಂದಿರುತ್ತದೆ. ಇಷ್ಟು ವರ್ಷದಲ್ಲಿ ಕಾರ್ಕಳ ಎಂಬ ಹೆಸರು ಕೇಳಿದ ಕೂಡಲೇ ಮುಖ ಅರಳಿಸಿದವರು ಒಬ್ಬರೇ. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ಸಿಕ್ಕಿದ ಒಬ್ಬ ಮರಾಠಿ ಅಜ್ಜಿ. "ಕಾರ್ಕಳವಾ? ನಮ್ಮ ಬಾಯಿ ಹುಟ್ಟಿದ್ದು ನಿಮ್ಮ ಕಡೆಯಲ್ಲೇ ಅಲ್ಲವಾ ಮಗಳೇ!" ಎಂದು ನನ್ನ ಕೈ ಹಿಡಿದುಕೊಂಡರು.

ಅವರು ಬಾಯಿ ಎಂದದ್ದು ಪಂಡಿತಾ ರಮಾಬಾಯಿಯವರನ್ನು.

ಅದು 1996ನೇ ಇಸವಿ. ನಮ್ಮವರು ಕೆಲಸಕ್ಕಿದ್ದ ಪಿಂಪರಿಯ ಕಾರ್ಖಾನೆಯ ಗೇಟು ಮುಚ್ಚಿ ಏಳು ತಿಂಗಳಾಗಿತ್ತು. ಎರಡು ಕೋಣೆಯ ಬಾಡಿಗೆ ಮನೆ, ಶಾಲೆಗೆ ಹೋಗುವ ಎರಡು ಮಕ್ಕಳು. ನಾನು ಅಕ್ಕಪಕ್ಕದವರ ರವಿಕೆ ಹೊಲಿದು ನಾಲ್ಕು ಕಾಸು ಮಾಡುತ್ತಿದ್ದೆ. ಭಾನುವಾರ ರಾತ್ರಿ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು. ಅಮ್ಮ ಹೇಳುತ್ತಿದ್ದದ್ದು ಒಂದೇ: "ದೇವರು ನಡೆಸ್ತಾರೆ ಮಗಾ, ಪ್ರಾರ್ಥನೆ ಬಿಡಬೇಡ." ಆ ಮಾತಿಗೆ ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಪ್ರಾರ್ಥನೆ ಬಿಟ್ಟಿರಲಿಲ್ಲ ನಿಜ. ಆದರೆ ದಿನದ ಅನ್ನವನ್ನು ಕೇಳುವ ಸಾಲು ಬಂದಾಗ ಬಾಯಿ ಹೇಳುತ್ತಿತ್ತು, ಮನಸ್ಸು ಬಾಡಿಗೆಯ ಲೆಕ್ಕ ಹಾಕುತ್ತಿತ್ತು. ಅಂಥ ದಿನಗಳಲ್ಲೇ ನಮ್ಮ ಕನ್ನಡ ಪ್ರಾರ್ಥನಾಕೂಟದ ಹೆಂಗಸರು ಕೇಡಗಾಂವಕ್ಕೆ ಹೊರಟರು. ದೌಂಡ್ ಪ್ಯಾಸೆಂಜರಿಗೆ ಟಿಕೇಟು ಕಡಿಮೆ ಎಂಬ ಧೈರ್ಯದಲ್ಲಿ ನಾನೂ ಹೋದೆ.

ಅಜ್ಜಿ ಹೇಳಿದ್ದು ನಿಜವೇ ಎಂದು ಆಮೇಲೆ ಓದಿ ನೋಡಿದೆ. ನಿಜವೇ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳ ಸೀಮೆಯ ಮಾಳದ ಚಿತ್ಪಾವನ ಮನೆತನದವರು. ಮಾಳ ಅಂದರೆ ನಮ್ಮ ತವರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು ಎಂಬುದೇ ಶಾಸ್ತ್ರಿಗಳ ಮೇಲೆ ಬಂದ ಅಪವಾದ. ಉಡುಪಿಯಲ್ಲಿ ಪಂಡಿತರ ಎದುರು ನಿಂತು, ಹೆಣ್ಣು ಓದುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಆಧಾರ ಸಮೇತ ವಾದಿಸಿದವರು ಅವರು. ಮಗುವಿಗೆ ಆರು ತಿಂಗಳಾಗುವಾಗ ಕಾಡಿನ ಮನೆ ಬಿಟ್ಟು ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಹೋದರಂತೆ. ಆಮೇಲೆ ಆ ಮಗುವಿಗೆ ಊರು ಅಂತ ಒಂದು ಉಳಿಯಲೇ ಇಲ್ಲ. ಪರವೂರಿನಲ್ಲಿ ಬದುಕುವುದು ಏನೆಂದು ನಮಗೆ ಗೊತ್ತು ಎಂದುಕೊಳ್ಳುವ ನಾವು, ಆ ಬುಟ್ಟಿಯನ್ನೊಮ್ಮೆ ನೆನೆಯಬೇಕು.

ಪುರಾಣ ಓದಿ, ಕೇಳಿದವರು ಕೊಟ್ಟದ್ದರಲ್ಲಿ ಜೀವನ. ತಾಯಿಯಿಂದ ಕಲಿತ ಸಂಸ್ಕೃತ ಒಂದೇ ಆಸ್ತಿ. ಇದ್ದ ಹಣವೆಲ್ಲ ದಾನಕ್ಕೆ, ಯಾತ್ರೆಗೆ ಕರಗಿತ್ತು. 1870ರ ದಶಕದ ಕ್ಷಾಮ ಈ ಕುಟುಂಬವನ್ನು ದಕ್ಷಿಣದಲ್ಲೇ ಹಿಡಿಯಿತು. ಎಲೆ ತಿಂದು ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿಯೂ ಹೋದರು, ಮುಂದೆ ಅಕ್ಕ ಕೂಡ. ತಾಯಿಯ ಕೊನೆಯ ದಿನಗಳ ಒಂದು ಸಂಗತಿಯನ್ನು ರಮಾಬಾಯಿ ಬರೆದಿಟ್ಟಿದ್ದಾರೆ. ಜ್ವರದ ಬಡಬಡಿಕೆಯಲ್ಲಿ ತಾಯಿ ಸಜ್ಜೆ ರೊಟ್ಟಿ ಬೇಕೆಂದರು. ಹದಿನಾರರ ಹುಡುಗಿ ಒಂದು ಮನೆಯ ಬಾಗಿಲಿಗೆ ಹೋದಳು. ವಿದ್ವಾಂಸರ ಮಗಳು, ಭಿಕ್ಷೆ ಕೇಳಲು ನಾಲಿಗೆ ಏಳಲಿಲ್ಲ. ಮನೆಯೊಡತಿಯೇ ಮುಖ ನೋಡಿ ಅರ್ಥ ಮಾಡಿಕೊಂಡು ಒಂದು ತುಂಡು ರೊಟ್ಟಿ ಕೊಟ್ಟಳು. ತಂದರೆ, ತಾಯಿಗೆ ಅದನ್ನು ತಿನ್ನುವ ತ್ರಾಣವೇ ಉಳಿದಿರಲಿಲ್ಲ.

ಇದನ್ನು ಓದಿದ ದಿನ ನಾನು ಹೊಲಿಗೆ ಮಿಶನ್ನಿನ ಮುಂದೆ ಸುಮ್ಮನೆ ಕೂತುಬಿಟ್ಟೆ. ಕಿರಾಣಿ ಅಂಗಡಿಯಲ್ಲಿ "ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳು ಕೊಡುತ್ತೇನೆ" ಎನ್ನಲು ನನ್ನ ನಾಲಿಗೆಯೂ ಹೀಗೇ ಒಣಗುತ್ತಿತ್ತಲ್ಲ.

ಮುಂದಿನ ಕಥೆ ಹಲವರಿಗೆ ಗೊತ್ತಿದ್ದದ್ದೇ. ಅಣ್ಣ ಶ್ರೀನಿವಾಸನ ಜೊತೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಜಾತಿ ಮೀರಿ ಮದುವೆಯಾದರು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ಸತ್ತರು. ವಯಸ್ಸು ಇಪ್ಪತ್ತನಾಲ್ಕೂ ತುಂಬಿರಲಿಲ್ಲ. ಮಗುವನ್ನೆತ್ತಿಕೊಂಡು ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಆ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಕಥೆಗೆ ಪೂರ್ಣವಿರಾಮ ಇಡುತ್ತಾರೆ. ಒಂದು ಕಡೆಯವರಿಗೆ ಅದು ಗೆಲುವು, ಇನ್ನೊಂದು ಕಡೆಯವರಿಗೆ ಸೋಲು. ಆದರೆ ರಮಾಬಾಯಿಯವರ ನಂಬಿಕೆಯ ಕಷ್ಟ ಶುರುವಾದದ್ದೇ ಅಲ್ಲಿಂದ. ವಾಂಟೇಜ್‌ನ ಸನ್ಯಾಸಿನಿ ಜೆರಾಲ್ಡಿನ್ ಅವರಿಗೆ ಬರೆದ ಪತ್ರಗಳಲ್ಲಿ ತ್ರಿಯೇಕ ದೇವರ ಬೋಧನೆಯನ್ನೂ ಸಭೆಯ ಅಧಿಕಾರವನ್ನೂ ಪ್ರಶ್ನಿಸಿದ್ದಾರೆ. ಪುರೋಹಿತರ ಅಧಿಕಾರವನ್ನು ಬಿಟ್ಟು ಬಂದವಳು ಇನ್ನೊಂದು ಅಧಿಕಾರಕ್ಕೆ ಕಣ್ಣು ಮುಚ್ಚಿ ತಲೆಬಾಗಲಾರೆ ಎಂಬುದು ಅವರ ನಿಲುವು. ಕೊನೆಯವರೆಗೆ ಸಸ್ಯಾಹಾರವನ್ನೂ ಬಿಡಲಿಲ್ಲ. ವಿಶ್ವಾಸಿ ಎಂದರೆ ಪ್ರಶ್ನೆ ಕೇಳಬಾರದು ಎಂದು ಬೆಳೆದ ನನ್ನಂಥವರಿಗೆ ಇದು ಹೊಸತು. ಅವರೇ ಹೇಳಿಕೊಂಡಂತೆ, ದೀಕ್ಷಾಸ್ನಾನದಲ್ಲಿ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷದ ಮೇಲೆ, 1891ರ ಸುಮಾರಿಗೆ.

ಅಷ್ಟರಲ್ಲಿ ಅವರು ಅಮೆರಿಕೆಗೆ ಹೋಗಿ, ಬಾಸ್ಟನ್ನಿನಲ್ಲಿ 1887ರಲ್ಲಿ ಹುಟ್ಟಿದ ರಮಾಬಾಯಿ ಸಂಘದಿಂದ ಹತ್ತು ವರ್ಷದ ನೆರವಿನ ಭರವಸೆ ಪಡೆದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದಿದ್ದರು. ಬಾಲವಿಧವೆಯರಿಗೆ ವಿದ್ಯೆ ಕೊಡುವ ಮನೆ. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈ ಹಿಡಿದವರು. ರಮಾಬಾಯಿ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು, ಇಷ್ಟವಿದ್ದ ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದೇ ದೊಡ್ಡ ಗದ್ದಲವಾಯಿತು. ಮತಾಂತರದ ಆರೋಪ ಬಂತು, ರಾನಡೆ, ಭಂಡಾರಕರರಂಥವರು ಸಲಹಾ ಸಮಿತಿ ಬಿಟ್ಟರು, ಪಾಲಕರು ಮಕ್ಕಳನ್ನು ಕರೆದೊಯ್ದರು. ಹಿಂದೂ ಮಿತ್ರರಿಗೆ ಅವರು ಹೊರಗಿನವರಾದರು, ಮಿಶನರಿಗಳಿಗೆ ಮೊದಲೇ ತುಂಟ ಶಿಷ್ಯೆ. ಯಾವ ಮನೆಯೂ ಪೂರ್ತಿ ತನ್ನದಲ್ಲ ಎಂಬ ಸ್ಥಿತಿ ಪರವೂರಿನ ಅಲ್ಪಸಂಖ್ಯಾತರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಆಮೇಲೆ 1896ರ ಕೊನೆಯಲ್ಲಿ ಮಧ್ಯಪ್ರಾಂತ್ಯದ ಕ್ಷಾಮ. ಸುದ್ದಿ ಕೇಳಿದಾಗ ತನ್ನದೇ ಹಸಿವಿನ ದಿನಗಳು ನೆನಪಾದವು ಎಂದು ಬರೆದಿದ್ದಾರೆ. ತಾವೇ ಹೋಗಿ ಅನಾಥ ಹೆಣ್ಣುಮಕ್ಕಳನ್ನು, ಎಳೆಯ ವಿಧವೆಯರನ್ನು ಕರೆತಂದರು. ಸಂಖ್ಯೆ 300ರ ಹತ್ತಿರ ಬಂತು. ಪುಣೆಯಲ್ಲಿ ಅದೇ ಹೊತ್ತಿಗೆ ಪ್ಲೇಗ್, ಇಷ್ಟು ಜನರನ್ನು ನಗರದಲ್ಲಿ ಇಡಲು ಸರಕಾರದ ಒಪ್ಪಿಗೆಯಿಲ್ಲ. ಕೇಡಗಾಂವದಲ್ಲಿ ಸದನದ ಖರ್ಚಿಗೆಂದು ಕೊಂಡಿದ್ದ ಹಣ್ಣಿನ ತೋಟದ ಜಾಗವಿತ್ತು. ಅಲ್ಲಿಯೇ ಚಪ್ಪರ ಹಾಕಿದರು. ಅದೇ ಮುಕ್ತಿ. ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲ ಎಂದು 1897ರಲ್ಲಿ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಬರೆದು ಸರಕಾರವನ್ನೂ ಎದುರು ಹಾಕಿಕೊಂಡರು. 1898ಕ್ಕೆ ಅಮೆರಿಕದ ಹತ್ತು ವರ್ಷದ ಮಾತು ಮುಗಿಯಿತು. 1900ರಲ್ಲಿ ಗುಜರಾತಿನ ಕ್ಷಾಮ ಬಂದಾಗ ಮುಕ್ತಿಯಲ್ಲಿದ್ದವರು ಎರಡು ಸಾವಿರದ ಹತ್ತಿರ. ಗೊತ್ತಾದ ಆದಾಯ ಎಂಬುದು ಇಲ್ಲ. ನಾಳೆಯ ಜೋಳಕ್ಕೆ ಇವತ್ತು ಮೊಣಕಾಲೂರಬೇಕು.

ನನ್ನ ಪ್ರಶ್ನೆ ಇದ್ದದ್ದು ಇಲ್ಲೇ. ಕೇಡಗಾಂವದ ಚರ್ಚಿನಲ್ಲಿ ಕೂತು ಆ ಅಜ್ಜಿಯನ್ನು ಕೇಳಿದೆ, "ಆಜಿ, ಇಷ್ಟು ಜನರಿಗೆ ಊಟ ಬರೀ ಪ್ರಾರ್ಥನೆಯಿಂದ ಬಂತಾ?" ಅವರು ನಕ್ಕರು. "ಪ್ರಾರ್ಥನೆ ಬೆಳಿಗ್ಗೆ. ಆಮೇಲೆ ದಿನವಿಡೀ ಏನು ಮಾಡುತ್ತಿದ್ದರು ಅಂತ ಕೇಳು."

ಕೇಳಿದೆ, ಓದಿದೆ. ಬಾವಿ ತೋಡಿಸುತ್ತಿದ್ದರು. ಮುಕ್ತಿಯ ಹೆಂಗಸರು ಮಗ್ಗದಲ್ಲಿ ನೇಯುತ್ತಿದ್ದರು, ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಹಸು ಸಾಕುತ್ತಿದ್ದರು, ಹೊಲ ಮಾಡುತ್ತಿದ್ದರು, ಅಚ್ಚುಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಕುರುಡ ಹೆಣ್ಣುಮಕ್ಕಳು ಬ್ರೈಲ್ ಓದುತ್ತಿದ್ದರು. ಹಣ ಕೊಟ್ಟವರು ದೂರದೂರದ ಮನುಷ್ಯರೇ. ಅವರಿಗೆ ಕಾಗದ ಬರೆಯುತ್ತಿದ್ದವರೂ ಮನುಷ್ಯರೇ. ಅದನ್ನು ದೇವರು ಕೊಟ್ಟದ್ದು ಎಂದು ರಮಾಬಾಯಿ ಹೇಳಿದರೆ, ಅವರ ಲೆಕ್ಕದಲ್ಲಿ ಎರಡೂ ಬೇರೆಯಲ್ಲ. ಎಲ್ಲರೂ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಕ್ಷಾಮದಿಂದ ಬಂದ ಎಷ್ಟೋ ಮಕ್ಕಳು ಸೊರಗಿ ತೀರಿಕೊಂಡರು. ಹಸಿದ ಮಕ್ಕಳನ್ನು ಕ್ರೈಸ್ತರನ್ನಾಗಿ ಬೆಳೆಸಿದರು ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಆ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಆ ಮಕ್ಕಳನ್ನು ದಾರಿಯ ಬದಿಯಿಂದ ಎತ್ತಿಕೊಂಡ ಕೈ ಯಾರದು ಎಂಬುದನ್ನೂ ಮರೆಯಲಾರೆ.

ಕೊನೆಯ ಸುಮಾರು ಹದಿನೆಂಟು ವರ್ಷ ರಮಾಬಾಯಿ ಇನ್ನೊಂದು ಕೆಲಸ ಹಿಡಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಇದ್ದ ಅನುವಾದದ ಸಂಸ್ಕೃತಭರಿತ ಭಾಷೆ ಓದು ಕಡಿಮೆಯ ಹೆಂಗಸರಿಗೆ ತಲುಪುವುದಿಲ್ಲ ಎಂಬುದು ಕಾರಣ. ಸಂಸ್ಕೃತಕ್ಕೇ ಬಿರುದು ಪಡೆದ ಪಂಡಿತೆ ಬೇಳೆ ಆರಿಸುವ ಹೆಂಗಸಿನ ಮಾತಿಗೆ ಇಳಿದು ಬಂದರು. ನಮ್ಮ ಕಡೆಗೂ ಒಂದು ಎಳೆ ಬಂತು: ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, ಮನೋರಮಾ ಜೊತೆ ಸೇರಿ 1910ರ ದಶಕದಲ್ಲಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆದರು. ಎಲ್ಲವನ್ನೂ ವಹಿಸಿಕೊಳ್ಳಬೇಕಿದ್ದ ಆ ಮಗಳು 1921ರ ಜುಲೈಯಲ್ಲಿ ಅಮ್ಮನಿಗಿಂತ ಮೊದಲೇ ತೀರಿಕೊಂಡಳು. ರಮಾಬಾಯಿ ಅನುವಾದದ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಪುಸ್ತಕ 1924ರಲ್ಲಿ ಹೊರಬಂತು.

ಕೇಡಗಾಂವದಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಪವಾಡವೇನೂ ಆಗಲಿಲ್ಲ. ಕಾರ್ಖಾನೆಯ ಗೇಟು ತೆರೆಯಲೇ ಇಲ್ಲ. ನಮ್ಮವರು ಮೊದಲಿನ ಅರ್ಧ ಸಂಬಳಕ್ಕೆ ಒಂದು ಗೋಡೌನಿನಲ್ಲಿ ಲೆಕ್ಕ ಬರೆಯಲು ಸೇರಿದರು. ನಾನು ಮಾಡಿದ್ದು ಎರಡೇ. ಒಂದು, ಕಿರಾಣಿ ಅಂಗಡಿಗೆ ಹೋಗಿ ನಾಚಿಕೆ ಬಿಟ್ಟು ಬಾಯಿ ತೆರೆದು ಸಾಲ ಕೇಳಿದೆ. ಅಂಗಡಿಯವರು ಮರುಮಾತಾಡದೆ ಪುಸ್ತಕ ತೆಗೆದು ಬರೆದುಕೊಂಡರು. ಇನ್ನೊಂದು, ಪ್ರಾರ್ಥನಾಕೂಟದ ಮೂವರು ಹೆಂಗಸರನ್ನು ಸೇರಿಸಿಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಹಿಡಿದೆ. ಸಾಲ ತೀರಲು ಮೂರು ವರ್ಷ ಬೇಕಾಯಿತು.

ಅಮ್ಮ ಫೋನಿನಲ್ಲಿ ಅದೇ ಮಾತು ಹೇಳುತ್ತಿದ್ದರು. "ದೇವರು ನಡೆಸ್ತಾರೆ ಮಗಾ." ಸಿಟ್ಟು ಬರುವುದು ಮಾತ್ರ ನಿಂತಿತು. "ಹೌದಮ್ಮ, ನಾವೂ ನಡೀತಾ ಇದ್ದೇವೆ" ಎನ್ನುತ್ತಿದ್ದೆ.

ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಮಾಳದ ದಾರಿಯಲ್ಲಿ ಹೋಗಿದ್ದೆ. ಮಳೆ ಬಿಟ್ಟಿತ್ತು, ಘಟ್ಟದ ಮೇಲೆ ಮೋಡ ಕೂತಿತ್ತು. ಜೊತೆಗಿದ್ದ ತಮ್ಮನಿಗೆ ರಮಾಬಾಯಿಯ ಹೆಸರು ಗೊತ್ತಿರಲಿಲ್ಲ. ನನಗೂ ಗೊತ್ತಾಗಿದ್ದು ಊರು ಬಿಟ್ಟ ಮೇಲೇ ತಾನೇ. ಬಸ್ಸು ಬರುವವರೆಗೆ ಅವನಿಗೆ ಆ ಬುಟ್ಟಿಯ ಕಥೆ, ಆ ರೊಟ್ಟಿಯ ಕಥೆ ಹೇಳಿದೆ.